ಮಂಜಿನಲ್ಲಿ ದೋಣಿಯ ದನಿ

ಕೇಳುಗರಿಗೆ ನಮಸ್ಕಾರ.

ಮಾಗಿಯ ಒಂದು ಮುಂಜಾನೆ ಬೀಳಗಿಯ ಕಡೆಯಿಂದ ಆಲಮಟ್ಟಿ ಹಿನ್ನೀರು ದಾಟುತ್ತಿದ್ದಾಗ ನಡುನೀರಿನಲ್ಲಿ ಮಂಜು ಕವಿದು, ನಾವು ಕುಳಿತ ದೋಣಿಯ ಮೂತಿಯೇ ಕಾಣದಂತಾಯಿತು. ಅಂಬಿಗರು ತಟ್ಟನೆ ಎಂಜಿನ್ ಬಂದ್ ಮಾಡಿ, "ಯಾರೂ ಮಾತಾಡಬ್ಯಾಡ್ರಿ, ಬೋಟ್ ಬರಾಕತ್ತೈತಿ" ಎಂದರು. ನಮಗೆ ಎಡಗಡೆಯಿಂದ ಬಂದಂತೆ ಕೇಳಿದ ಆ ಬೋಟು ಕೊನೆಗೆ ಕಾಣಿಸಿದ್ದು ನೇರ ಎದುರಿಗೆ, ನಾಲ್ಕು ಮಾರು ದೂರದಲ್ಲಿ.

ಸಮುದ್ರದಲ್ಲಿ ಡಿಕ್ಕಿ ತಡೆಯಲೆಂದು 1972ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ನಿಯಮಗಳು ಕಡಲಿಗೂ ಕಡಲ ಹಡಗು ಬರಬಲ್ಲ ನೀರಿಗೂ ಸಂಬಂಧಿಸಿದವು. ಆದರೂ ಅವುಗಳ ಹಿಂದಿನ ವಿವೇಕ ನಮ್ಮ ಕೃಷ್ಣೆಗೂ ಸಲ್ಲುತ್ತದೆ. ಒಂದನ್ನೊಂದು ಕಾಣುವಾಗ ಎಂಜಿನ್ ಹಡಗು ಹಾಯಿ ಹಡಗಿಗೆ ದಾರಿ ಬಿಡಬೇಕು. ಮಂಜಿನಲ್ಲಿ ಒಂದಕ್ಕೊಂದು ಕಾಣದಿದ್ದಾಗ ಆ ಹಕ್ಕು ಯಾರಿಗೂ ಉಳಿಯುವುದಿಲ್ಲ, ಎಚ್ಚರದ ಹೊಣೆ ಇಬ್ಬರ ಮೇಲೂ ಸಮನಾಗಿ ಬೀಳುತ್ತದೆ. ಮುಂದುಗಡೆಯಿಂದ ಹಾರ್ನ್ ಕೇಳಿತೆಂದರೆ, ಡಿಕ್ಕಿಯ ಭಯವಿಲ್ಲವೆಂದು ಖಚಿತವಾಗದ ಹೊರತು, ದಿಕ್ಕು ಹಿಡಿಯುವಷ್ಟಕ್ಕೆ ಮಾತ್ರ ವೇಗ ಇಳಿಸಬೇಕು, ಬೇಕೆನಿಸಿದರೆ ಪೂರ್ತಿ ನಿಲ್ಲಿಸಬೇಕು.

ಸದ್ದುಗಳಿಗೂ ಲೆಕ್ಕವಿದೆ. ಸಾಗುತ್ತಿರುವ ಎಂಜಿನ್ ಹಡಗು ಎರಡು ನಿಮಿಷ ಮೀರದ ಅಂತರದಲ್ಲಿ 4ರಿಂದ 6 ಸೆಕೆಂಡಿನ ಒಂದು ಉದ್ದನೆಯ ಸದ್ದು ಮಾಡಬೇಕು. ಲಂಗರು ಎತ್ತಿಯೂ ಮುಂದೆ ಸಾಗದೆ ನಿಂತಿದ್ದರೆ ಅಂಥವು ಎರಡು. ಹಾಯಿ ಹಡಗು, ಬಲೆ ಎಳೆಯುವ ಮೀನುಗಾರರ ಹಡಗು ಒಂದು ಉದ್ದ, ಎರಡು ಗಿಡ್ಡ ಊದುತ್ತವೆ. ಲಂಗರು ಹಾಕಿದ ಹಡಗು ನಿಮಿಷಕ್ಕೊಮ್ಮೆ ಸುಮಾರು ಐದು ಸೆಕೆಂಡು ಬಿರುಸಾಗಿ ಗಂಟೆ ಬಾರಿಸುತ್ತದೆ. 100 ಮೀಟರ್ ಅಥವಾ ಅದಕ್ಕಿಂತ ಉದ್ದದ್ದಾದರೆ ಮೂತಿಯಲ್ಲಿ ಗಂಟೆ, ಹಿಂಬದಿಯಲ್ಲಿ ಜಾಗಟೆ.

ತಿರುಗುವ ದಿಕ್ಕನ್ನು ಮಂಜಿನಲ್ಲೂ ಹಾರ್ನ್ ಊದಿ ತಿಳಿಸಬಹುದು ಎಂಬ ತಪ್ಪು ತಿಳಿವಳಿಕೆ ನನ್ನನ್ನು ಕಾಡುತ್ತದೆ. "ಬಲಕ್ಕೆ ತಿರುಗುತ್ತಿದ್ದೇನೆ" ಎಂದು ಹೇಳುವ ಒಂದು ಗಿಡ್ಡ ಸದ್ದು ಪರಸ್ಪರ ಕಾಣುವವರ ನಡುವಿನ ಮಾತು. ಮಂಜಿನಲ್ಲಿ ಅದನ್ನು ಕೇಳಿದವನಿಗೆ ಯಾರ ಬಲ, ಯಾವ ಬಲ ಎಂಬುದೇ ತಿಳಿಯದು. ಮಂಜಿನ ಸದ್ದು ಇರುವಿಕೆಯನ್ನು ಸಾರುತ್ತದೆ, ದಿಕ್ಕಿನ ವಿಷಯದಲ್ಲಿ ಕಿವಿಯನ್ನು ನಂಬುವಂತಿಲ್ಲ.

12 ಮೀಟರಿಗಿಂತ ಚಿಕ್ಕ ದೋಣಿಗೆ ಈ ಲೆಕ್ಕಗಳು ಕಡ್ಡಾಯವಲ್ಲ; ಆದರೆ ಎರಡು ನಿಮಿಷದೊಳಗೊಮ್ಮೆ ಚೆನ್ನಾಗಿ ಕೇಳುವ ಯಾವುದಾದರೂ ಸದ್ದನ್ನು ಅದು ಮಾಡಲೇಬೇಕು. ಅಂದು ನಮ್ಮ ದೋಣಿಯಲ್ಲಿ ಹಾರ್ನ್ ಇರಲಿಲ್ಲ. ಹಾಲಿನವರ ಖಾಲಿ ಕ್ಯಾನೊಂದನ್ನು ಮುಂದಕ್ಕೆ ಎಳೆದುಕೊಂಡ ಅಂಬಿಗರು, ಹುಟ್ಟಿನ ಹಿಡಿಕೆಯಿಂದ ಅದನ್ನು ಬಡಿಯುತ್ತ, ಬಡಿದ ಮೇಲೆ ಸುಮ್ಮನೆ ಕಿವಿಗೊಡುತ್ತ, ನಮ್ಮನ್ನು ದಂಡೆ ಮುಟ್ಟಿಸಿದರು.