ಹಳೆಯ ಮಳಿಗೆಯ ಗಲ್ಲಾಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ. ಪಿಜ್ಜಾ, ಬರ್ಗರ್ ಮಾರುವ ಸರಣಿ ಹೋಟೆಲ್‌ಗಳ ಷೇರು ಕೊಳ್ಳಬಹುದೇ ಎಂದು ನನ್ನನ್ನು ಕೇಳುವವರೆಲ್ಲ ಒಂದೇ ಕಾರಣ ಕೊಡುತ್ತಾರೆ: 'ಊರೂರಿಗೂ ಮಳಿಗೆ ತೆರೆಯುತ್ತಿದ್ದಾರೆ ಸಾರ್.' ದುಡ್ಡಿದ್ದರೆ ಮಳಿಗೆಯನ್ನು ಯಾರು ಬೇಕಾದರೂ ತೆರೆಯಬಹುದು. ಷೇರು ಕೊಂಡವರೇ ಆ ದುಡ್ಡು ಕೊಟ್ಟಿರುತ್ತಾರೆ. ದಯವಿಟ್ಟು ಹಳೆಯ ಮಳಿಗೆಯ ವ್ಯಾಪಾರ ಕೇಳಿ.

ವರ್ಷಕ್ಕೆ ತಲಾ ಒಂದು ಕೋಟಿ ವ್ಯಾಪಾರದ ಹತ್ತು ದರ್ಶಿನಿಗಳಿವೆ ಎನ್ನಿ. ಇನ್ನೂ ಐದು ತೆರೆದರು. ಒಟ್ಟು ವ್ಯಾಪಾರ 13 ಕೋಟಿಗೆ ಏರಿತು. ಶೇ 30ರ ಬೆಳವಣಿಗೆ ಎಂದು ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹೊಸ ಐದು ಮಳಿಗೆಗಳು ಐದು ಕೋಟಿ ತಂದಿದ್ದರೆ ಹಳೆಯ ಹತ್ತಕ್ಕೆ ಉಳಿದದ್ದು ಎಂಟೇ ಕೋಟಿ! ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇಡ್ಲಿ ತಿನ್ನುತ್ತಿದ್ದವರು ಮೂರನೇ ಬ್ಲಾಕಿನಲ್ಲಿ ತಿಂದರು, ಅಷ್ಟೇ.

ಅಮೆರಿಕದ ಬೋಸ್ಟನ್ ಚಿಕನ್ ಕಥೆಯನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಸರಳಿಗೆ ಚುಚ್ಚಿ, ತಿರುಗಿಸುತ್ತ ಸುಟ್ಟ ಕೋಳಿ ಅವರ ವಿಶೇಷ. 1993ರ ನವೆಂಬರಿನಲ್ಲಿ 20 ಡಾಲರಿಗೆ ಷೇರು ಬಿಟ್ಟರು. ಮೊದಲ ದಿನವೇ ಬೆಲೆ ಎರಡು ಪಟ್ಟು ದಾಟಿತು. ಮಳಿಗೆಗಳು ಸಾವಿರ ಮೀರಿದವು. ಆಯಾ ಪ್ರದೇಶದಲ್ಲಿ ಕಂಪನಿಯ ಹೆಸರಿನಲ್ಲಿ ಮಳಿಗೆ ನಡೆಸುವ ಗುತ್ತಿಗೆದಾರರಿಗೆ, ಮಳಿಗೆ ಕಟ್ಟಲು ಕಂಪನಿಯೇ ಸಾಲ ಕೊಡುತ್ತಿತ್ತು. ಅದೇ ಗುತ್ತಿಗೆದಾರರಿಂದ ಶುಲ್ಕ, ರಾಯಧನ, ಬಡ್ಡಿ ಪಡೆದು ಲಾಭ ಎಂದು ಬರೆದುಕೊಳ್ಳುತ್ತಿತ್ತು. ಕೋಳಿ ಮಾರುತ್ತಿದ್ದ ಗುತ್ತಿಗೆದಾರರು ನಷ್ಟದಲ್ಲಿದ್ದರು, ಆದರೆ ಆ ನಷ್ಟ ಕಂಪನಿಯ ಲೆಕ್ಕಪುಸ್ತಕಕ್ಕೆ ಬರುತ್ತಲೇ ಇರಲಿಲ್ಲ. ತಾನು ಕೊಟ್ಟ ದುಡ್ಡಿಗೆ ತಾನೇ ಬಡ್ಡಿ ಎಣಿಸಿಕೊಂಡು ಎಷ್ಟು ದಿನ ಬದುಕಲಾದೀತು? 1998ರ ಅಕ್ಟೋಬರಿನಲ್ಲಿ ದಿವಾಳಿ ಅರ್ಜಿ ಹಾಕಿದರು. ಷೇರು ಹಿಡಿದವರ ದುಡ್ಡು ಮುಳುಗಿತು. 2000ದಲ್ಲಿ ಮಳಿಗೆಗಳು ಮೆಕ್‌ಡೊನಾಲ್ಡ್ಸ್ ಪಾಲಾದವು. ಷೇರು ಕೊಂಡವರು ಹೊಸ ಮಳಿಗೆಗಳನ್ನು ಎಣಿಸುತ್ತಿದ್ದರು. ಒಂದೊಂದು ಮಳಿಗೆಯ ಗಲ್ಲಾದಲ್ಲಿ ಏನು ಉಳಿಯುತ್ತಿದೆ ಎಂದು ಕೇಳಿದವರು ಕಡಿಮೆ.

ನಮ್ಮಲ್ಲಿ ಇದನ್ನು ತಿಳಿಯುವುದು ಕಷ್ಟವಲ್ಲ. ಡಾಮಿನೋಸ್ ನಡೆಸುವ ಜುಬಿಲೆಂಟ್ ಫುಡ್‌ವರ್ಕ್ಸ್, ದಕ್ಷಿಣ ಮತ್ತು ಪಶ್ಚಿಮ ಭಾರತದಲ್ಲಿ ಮೆಕ್‌ಡೊನಾಲ್ಡ್ಸ್ ನಡೆಸುವ ವೆಸ್ಟ್‌ಲೈಫ್, ಈ ಎರಡೂ ಕಂಪನಿಗಳು ಹಳೆಯ ಮಳಿಗೆಗಳ ವ್ಯಾಪಾರದ ಅಂಕಿಯನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತವೆ. ಸೇಮ್ ಸ್ಟೋರ್ ಸೇಲ್ಸ್ ಅಥವಾ ಲೈಕ್ ಫಾರ್ ಲೈಕ್ ಎಂಬ ಸಾಲನ್ನು ಹುಡುಕಿ; ಹಳೆಯ ಮಳಿಗೆಗಳ ವ್ಯಾಪಾರ ಹಿಂದಿನ ವರ್ಷಕ್ಕಿಂತ ಶೇಕಡಾ ಎಷ್ಟು ಬೆಳೆಯಿತು ಎಂದು ಅದು ಹೇಳುತ್ತದೆ. ಅದು ಹಣದುಬ್ಬರಕ್ಕಿಂತ ಕೆಳಗಿದ್ದರೆ ನಾನಂತೂ ಕೊಳ್ಳುವುದಿಲ್ಲ. ಒಂದು ತ್ರೈಮಾಸಿಕ ನೋಡಿ ಹಾರಬೇಡಿ, ಎಂಟು ನೋಡಿ.

ಬಾಡಿಗೆಯ ವಿಷಯ ವಿವರವಾಗಿ ಹೇಳಬೇಕೆಂದಿದ್ದೆ, ಸಮಯ ಉಳಿದಿಲ್ಲ. 2019ರ ಏಪ್ರಿಲಿನಿಂದ ಬಂದ ಲೆಕ್ಕಪದ್ಧತಿಯಲ್ಲಿ ಅಂಗಡಿ ಬಾಡಿಗೆಯ ಬಹುಪಾಲು ಸವಕಳಿ, ಬಡ್ಡಿ ಎಂಬ ಹೆಸರಿನಲ್ಲಿ ಕೆಳಗೆ ಕುಳಿತಿರುತ್ತದೆ. ಹಾಗಾಗಿ ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭ, ದಪ್ಪಗೆ ಕಾಣುತ್ತದೆ. ಬಾಡಿಗೆ ಕಳೆದ ಮೇಲಿನ ಲಾಭವನ್ನೇ ನೋಡಿ. ಅದನ್ನು ಕೂಡ ಹಳೆಯ ಮಳಿಗೆಗಳಿಗೆ ಬೇರೆ ತೋರಿಸಿದ್ದಾರೆಯೇ ಎಂದು ಹುಡುಕಿ. ನಮಸ್ಕಾರ.