ನಾಯಿಮರಿ ತರುವ ಮುಂಚೆ, ಅದರ ತಾಯಿಗೆ ಏನು ಕೆಲಸ ಅಂತ ಕೇಳಿ

ನಮಸ್ಕಾರ. ಫ್ಯಾನ್ ಸದ್ದು ಮೈಕಿಗೆ ಬರುತ್ತದೆ ಅಂತ ಆಫ್ ಮಾಡಿ ಕೂತಿದ್ದೇನೆ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ಅಂದರೆ ಏನು ಅಂತ ಇಲ್ಲಿಯವರಿಗೆ ಗೊತ್ತು. ಹಾಗಾಗಿ ಸುಮ್ನೆ ಸುತ್ತಿ ಬಳಸಿ ಮಾತಾಡುವುದಿಲ್ಲ.

ಮೊನ್ನೆ ಬೆಳಿಗ್ಗೆ ವಿದ್ಯಾನಗರದಲ್ಲಿ ಒಬ್ಬರು ಹಸ್ಕಿ ನಾಯಿಯನ್ನು ವಾಕಿಂಗ್ ಕರೆದುಕೊಂಡು ಬರುತ್ತಿದ್ದರು. ಗಂಟೆ ಇನ್ನೂ ಏಳೂವರೆ. ಅಷ್ಟಕ್ಕೇ ನಾಯಿಯ ನಾಲಿಗೆ ಮೊಳದುದ್ದ ಹೊರಗೆ ಬಂದಿತ್ತು. ನಿಂತಿದ್ದ ಒಂದು ಆಟೋ ಕೆಳಗೆ ನುಗ್ಗಿ ಮಲಗಿತು. ಎಳೆದರೂ ಬರಲಿಲ್ಲ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲಿ ಅಂತ ಬೆಳೆಸಿದ ಜಾತಿ ಅದು. ನಾವು ಮಂಡಕ್ಕಿ ಭಟ್ಟಿಯ ಊರಿಗೆ ತಂದಿದ್ದೇವೆ. ಯಾಕೆ ಇದನ್ನೇ ತಂದ್ರಿ ಅಂತ ಕೇಳಿದೆ. "ಕಣ್ಣು ನೋಡಿ ಸಾರ್, ಎಷ್ಟು ನೀಲಿ" ಅಂದರು.

ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ಏಳು ವರ್ಷದ ಹಿಂದೆ ನಾನೂ 22 ಸಾವಿರ ಕೊಟ್ಟು ಒಂದು ಜರ್ಮನ್ ಶೆಫರ್ಡ್ ಮರಿ ತಂದಿದ್ದೆ. ರಾಕಿ. ಜೊತೆಗೆ ಒಂದು ಸರ್ಟಿಫಿಕೇಟ್ ಕೊಟ್ಟಿದ್ದರು, ಅದರಲ್ಲಿ ಅವನ ಮೂರು ತಲೆಮಾರಿನ ಹೆಸರುಗಳು. ನನ್ನ ಮುತ್ತಜ್ಜನ ಹೆಸರು ನನಗೆ ಗೊತ್ತಿಲ್ಲ, ನಾಯಿಯ ಮುತ್ತಜ್ಜನ ಹೆಸರು ಬಾಯಿಪಾಠ ಬರುತ್ತಿತ್ತು! ಅಪ್ಪ ಚಾಂಪಿಯನ್, ಅಜ್ಜ ಚಾಂಪಿಯನ್. ತಾಯಿಯನ್ನು ತೋರಿಸಿ ಅಂದೆ. ಬೆಂಗಳೂರಿನಲ್ಲಿದೆ ಸಾರ್, ಫೋಟೋ ವಾಟ್ಸಾಪ್ ಮಾಡುತ್ತೇವೆ ಅಂದರು. ಫೋಟೋ ಬಂತು, ಚೆನ್ನಾಗಿತ್ತು, ದುಡ್ಡು ಕೊಟ್ಟೆ.

ಎಂಟು ತಿಂಗಳಿಗೆ ರಾಕಿ ಓಡುವ ರೀತಿ ಬದಲಾಯಿತು. ಹಿಂಗಾಲುಗಳನ್ನು ಒಂದಾದ ಮೇಲೊಂದು ಹಾಕುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಎತ್ತಿ ಮೊಲದ ಹಾಗೆ ಕುಪ್ಪಳಿಸುತ್ತಿದ್ದ. ನಾವು ಅದನ್ನು ವಿಡಿಯೋ ಮಾಡಿ ಸ್ಟೇಟಸ್ ಹಾಕಿದ್ದೆವು, ನೋಡಿ ಎಷ್ಟು ಮುದ್ದು ಅಂತ. ಆಮೇಲೆ ಮನೆಯ ಹಾಲ್‌ನ ಗ್ರಾನೈಟ್ ಮೇಲೆ ಜಾರತೊಡಗಿದ. ಏಳುವಾಗ ಮುಂಗಾಲು ಊರಿ ಎದೆ ಎತ್ತಿ, ಹಿಂಭಾಗವನ್ನು ಎಳೆದುಕೊಂಡು ಏಳುತ್ತಿದ್ದ. ಡಾಕ್ಟರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಲ್ಲಿ ಕೂರಬೇಕು, ಅಲ್ವಾ? "ಇಲ್ಲಿ ಬಟ್ಟಲೇ ಇಲ್ಲ, ತಟ್ಟೆ ಇದೆ" ಅಂದರು. ಹಿಪ್ ಡಿಸ್‌ಪ್ಲೇಸಿಯಾ. ಬಹಳ ಮಟ್ಟಿಗೆ ವಂಶದಿಂದ ಬರುವ ತೊಂದರೆ. ಮರಿ ಮಾಡಿಸುವ ಮುಂಚೆ ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ತೆಗೆಸಿ ನೋಡಿದ್ದರೆ ಎಷ್ಟೋ ತಪ್ಪಿಸಬಹುದಿತ್ತು. ನನ್ನ ಸರ್ಟಿಫಿಕೇಟಿನಲ್ಲಿ ಮೂರು ತಲೆಮಾರಿನ ಪದಕ ಇತ್ತು. ಒಂದು ತಲೆಮಾರಿನ ಸೊಂಟದ ವಿಚಾರವೂ ಇರಲಿಲ್ಲ.

ತಮಾಷೆ ಏನು ಗೊತ್ತಾ, ಈ ಜಾತಿಯನ್ನು ಶುರು ಮಾಡಿದ ಮನುಷ್ಯನಿಗೆ ಅಂದ ಬೇಕಾಗಿರಲಿಲ್ಲ. ಜರ್ಮನಿಯ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್, ಸೈನ್ಯದಲ್ಲಿ ಅಶ್ವದಳದಲ್ಲಿದ್ದವನು. 1899ರಲ್ಲಿ ಒಂದು ಕುರಿ ಕಾಯುವ ನಾಯಿ ನೋಡಿ ಮನಸೋತು ಕೊಂಡ, ಹೋರಾಂಡ್ ಅಂತ ಹೆಸರಿಟ್ಟ. ಅವನಿಗೆ ಬೇಕಿದ್ದದ್ದು ಉಪಯೋಗ ಮತ್ತು ಬುದ್ಧಿ. ಆಗಿನ ಫೋಟೋಗಳಲ್ಲಿ ನಾಯಿಯ ಬೆನ್ನು ಹೆಚ್ಚುಕಡಿಮೆ ನೇರವಾಗಿದೆ. ಮುಂದೆ ಶೋಗಳಲ್ಲಿ ಇಳಿಜಾರು ಬೆನ್ನಿಗೆ ಬೆಲೆ ಬಂತು. ಇಳಿಜಾರು ಬೆನ್ನಿನಿಂದಲೇ ಸೊಂಟದ ಕಾಯಿಲೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ, ನೇರ ಬೆನ್ನಿನ ನಾಯಿಗೂ ಬರುತ್ತದೆ. ಎಲ್ಲರ ಕಣ್ಣು ಬೆನ್ನಿನ ಮೇಲಿದ್ದಾಗ ಸೊಂಟ ನೋಡುವವರು ಯಾರು, ಅಷ್ಟೇ ನನ್ನ ಪ್ರಶ್ನೆ. ಈಗ ಎಷ್ಟೋ ದೇಶಗಳ ಪೊಲೀಸರು, ಪಡೆಗಳು ಬೆಲ್ಜಿಯನ್ ಮ್ಯಾಲಿನ್ವಾ ಅನ್ನುವ ನಾಯಿಯ ಕಡೆ ತಿರುಗಿದ್ದಾರೆ. ನಮ್ಮ ಸಿಆರ್‌ಪಿಎಫ್ ಕೂಡ ಬೆಂಗಳೂರು ಹತ್ತಿರದ ತರಳು ಕೇಂದ್ರದಲ್ಲಿ ಅದನ್ನೇ ಬೆಳೆಸಿ ತರಬೇತಿ ಕೊಡುತ್ತದೆ. ಅದೂ ಕುರಿ ಕಾಯುವ ನಾಯಿಯ ವಂಶವೇ.

ಡಾಲ್ಮೇಶನ್ ಕಥೆ ಇನ್ನೂ ಹೊಟ್ಟೆ ಉರಿಸುತ್ತದೆ. ಬಿಳಿ ಮೈ, ಕಪ್ಪು ಚುಕ್ಕೆ, ನೋಡೋಕೆ ಚೆಂದ. ಆದರೆ ಶುದ್ಧ ತಳಿ ಅಂತ ಬಾಗಿಲು ಹಾಕಿಕೊಂಡು ಒಳಗೊಳಗೇ ಕೂಡಿಸಿದ್ದರಿಂದ ಆ ಜಾತಿಯ ಬಹುತೇಕ ಎಲ್ಲ ನಾಯಿಗಳಲ್ಲೂ ಒಂದು ಕೆಟ್ಟ ಜೀನ್ ಉಳಿದುಬಿಟ್ಟಿತು. ಮೂತ್ರದಲ್ಲಿ ಯೂರಿಕ್ ಆಮ್ಲ ಜಾಸ್ತಿ, ಕೆಲವಕ್ಕೆ ಮೂತ್ರಕೋಶದಲ್ಲಿ ಕಲ್ಲು. 1973ರಲ್ಲಿ ಅಮೆರಿಕದ ಒಬ್ಬ ವಿಜ್ಞಾನಿ ಪಾಯಿಂಟರ್ ಜಾತಿಯ ನಾಯಿಯೊಂದಿಗೆ ಒಂದೇ ಒಂದು ಸಲ ಕ್ರಾಸ್ ಮಾಡಿಸಿ, ಆಮೇಲೆ ತಲೆಮಾರು ತಲೆಮಾರು ಡಾಲ್ಮೇಶನ್ ಜೊತೆಗೇ ಕೂಡಿಸುತ್ತಾ ಹೋದರು. ಚುಕ್ಕೆ ಹಾಗೇ ಉಳಿಯಿತು, ಸರಿಯಾದ ಜೀನ್ ವಾಪಸ್ ಬಂತು. ಕಲ್ಲಿನ ಸಮಸ್ಯೆಗೆ ದಾರಿ ಸಿಕ್ಕಿತು. ಆದರೆ ನಾಯಿಗಳ ವಂಶ ದಾಖಲಿಸುವ ಅಲ್ಲಿನ ಕೆನಲ್ ಕ್ಲಬ್ ಆ ನಾಯಿಗಳನ್ನು ಪೂರ್ತಿ ಒಪ್ಪಿಕೊಂಡಿದ್ದು 2011ರಲ್ಲಿ. ಅಷ್ಟು ವರ್ಷ ತಕರಾರು ಏನು? ರಕ್ತ ಶುದ್ಧ ಇಲ್ಲ ಅಂತ. ಈ ಮಾತು ನಮಗೇನೂ ಹೊಸದಲ್ಲ ಬಿಡಿ, ನಮ್ಮೂರಲ್ಲಿ ಮನುಷ್ಯರ ಮದುವೆ ವಿಷಯದಲ್ಲೂ ಕೇಳಿದ್ದೇವೆ.

ಹಾಗಂತ ಫಾರಿನ್ ನಾಯಿ ಕೆಟ್ಟದ್ದು, ನಮ್ಮದು ಒಳ್ಳೆಯದು ಅನ್ನುವ ಭಾಷಣ ಇದಲ್ಲ. ನಮ್ಮ ಜಿಲ್ಲಾ ಪೊಲೀಸರ ತುಂಗಾಳನ್ನು ಯಾರು ಮರೆಯುತ್ತಾರೆ? 2020ರಲ್ಲಿ ಚನ್ನಗಿರಿ ತಾಲ್ಲೂಕಿನ ಒಂದು ಕೊಲೆ ಕೇಸಿನಲ್ಲಿ ವಾಸನೆ ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಆರೋಪಿ ಇದ್ದ ಜಾಗಕ್ಕೆ ಮುಟ್ಟಿಸಿದಳು. ಅವಳು ಡಾಬರ್‌ಮನ್, ಅಪ್ಪಟ ಜರ್ಮನ್ ಮೂಲ. ಆ ಜಾತಿಗೆ ಹೆಸರು ಬಂದದ್ದೇ ತೆರಿಗೆ ವಸೂಲಿ ಮಾಡುತ್ತಿದ್ದ ಒಬ್ಬನಿಂದ. ದುಡ್ಡು ಹಿಡಿದುಕೊಂಡು ಓಡಾಡುವಾಗ ರಕ್ಷಣೆಗೆ ಬೇಕಲ್ಲ, ಅದಕ್ಕೆ ಬೆಳೆಸಿದ ನಾಯಿ. ಕೆಲಸಕ್ಕೆ ಆರಿಸಿದರೆ ಯಾವ ದೇಶದ್ದಾದರೂ ಕೆಲಸ ಮಾಡುತ್ತದೆ.

ಈಗ ಚಳ್ಳಕೆರೆ ಕಡೆ ಬನ್ನಿ. ಅಲ್ಲಿ ನಮ್ಮ ಮಾವನ ಹೊಲ ಇದೆ. ಹೋದ ವರ್ಷ ಬೇಸಿಗೆಯಲ್ಲಿ ಗೊಬ್ಬರಕ್ಕೆ ಅಂತ ಕುರಿಮಂದೆ ತರುಬಿಸಿದ್ದರು. ಕುರಿಯವರ ಜೊತೆ ನಾಲ್ಕು ನಾಯಿ, ನಾಲ್ಕೂ ಬೇರೆ ಬೇರೆ ಬಣ್ಣ. ಒಂದಕ್ಕೆ ಅರ್ಧ ಕಿವಿ ಇಲ್ಲ. ಕೊರಳಿಗೆ ಮೊಳೆ ಹೊಡೆದ ಪಟ್ಟಿ. ತೋಳ ಮೊದಲು ಕುತ್ತಿಗೆಗೇ ಬಾಯಿ ಹಾಕುತ್ತದಲ್ಲ, ಅದಕ್ಕೆ. ಹಿರಿಯರೊಬ್ಬರು ಕಂಬಳಿ ಹಾಸಿಕೊಂಡು ಕೂತಿದ್ದರು. ನಾನು ದೊಡ್ಡ ತಿಳಿದವನ ಹಾಗೆ ಕೇಳಿದೆ, "ಇದು ಯಾವ ಜಾತಿ ಅಜ್ಜ?"

"ನಾಯಿ ಜಾತಿ."

ಆ ರಾತ್ರಿ ಹೊಲದಲ್ಲೇ ಮಲಗಿದ್ದೆ. ಎರಡು ಗಂಟೆ ಹೊತ್ತಿಗೆ ಮೂತ್ರಕ್ಕೆ ಎದ್ದು ಮಂದೆಯ ಕಡೆ ನಾಲ್ಕು ಹೆಜ್ಜೆ ಹಾಕಿರಬೇಕು. ಆ ಅರ್ಧ ಕಿವಿಯ ನಾಯಿ ಎಲ್ಲಿತ್ತೋ, ಬಂದು ನನಗೂ ಕುರಿಗಳಿಗೂ ನಡುವೆ ನಿಂತಿತು. ಬೊಗಳಲಿಲ್ಲ. ಹಲ್ಲು ತೋರಿಸಲಿಲ್ಲ. ಸುಮ್ನೆ ಅಡ್ಡ ನಿಂತಿತು. ನಾನು ಎಡಕ್ಕೆ ಸರಿದರೆ ಅದೂ ಎಡಕ್ಕೆ. ನಾನು ಹಿಂದೆ ಸರಿದು ಬೇಲಿ ಕಡೆ ಹೋದ ಮೇಲೆ ಮೊದಲಿದ್ದ ಜಾಗಕ್ಕೆ ಹೋಗಿ ಮುದುಡಿ ಮಲಗಿತು. ಬೆಳಿಗ್ಗೆ ಅಜ್ಜನಿಗೆ ಹೇಳಿದರೆ, "ಕಚ್ಚಾದು ಬ್ಯಾಡ ತಮ್ಮ, ತಡೆದ್ರೆ ಸಾಕು" ಅಂದರು.

ಮರಿಗಳನ್ನು ಹೇಗೆ ಆರಿಸುತ್ತೀರಿ ಅಂತ ಕೇಳಿದೆ. ಕಣ್ಣು ಬಿಟ್ಟ ಕೂಡಲೇ ಕುರಿಮರಿಗಳ ಜೊತೆ ಬಿಡುತ್ತಾರಂತೆ. ಕುರಿಮರಿಯ ಬಾಲ ಎಳೆಯುವ, ಅಟ್ಟಿಸಿಕೊಂಡು ಹೋಗುವ ಮರಿ ಅವರಿಗೆ ಬೇಡ, ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತಾರೆ. ಆಮೇಲೆ ಹೇಳಿದ ಮಾತು ಇದು: "ಗುಡುಗಿಗೆ ಬೆದರಿ ನನ್ ಹತ್ರ ಓಡಿ ಬರೋ ಮರಿ ಇಟ್ಕಳಲ್ಲ. ಕುರಿ ಹತ್ರ ಓಡೋ ಮರಿ ಇಟ್ಕಂತೀನಿ." ಮತ್ತೆ ತಾಯಿಯ ವಿಷಯ. ಇದರವ್ವ ಎಷ್ಟು ತೋಳ ಓಡಿಸಿತ್ತು, ಯಾವ ಕಾವಲಿನಲ್ಲಿ, ಯಾವ ಮಳೆಗಾಲದಲ್ಲಿ, ಎಲ್ಲ ಬಾಯಲ್ಲೇ ಇದೆ. ಅಜ್ಜನ ಹತ್ತಿರವೂ ವಂಶದ ಸರ್ಟಿಫಿಕೇಟ್ ಇತ್ತು ಅನ್ನಿ. ಅದರಲ್ಲಿ ಪದಕದ ಬದಲು ಕೆಲಸ ಬರೆದಿತ್ತು.

ನಾವು ಇಂಥ ನಾಯಿಗೆ ಇಟ್ಟ ಹೆಸರು ಕಂತ್ರಿ. ಕಂಟ್ರಿ ಅನ್ನುವ ಇಂಗ್ಲಿಷ್ ಪದವೇ ಹಾಗಾಗಿದ್ದು. ನಾಡಿನದು ಅಂದರೆ ಬೈಗುಳ!

ಹಿಂದೆ ಹೀಗಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕೇಳಿರಬಹುದು, ಹತ್ತನೇ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ರಾಜ ಏನು ಬೇಕೋ ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಎನ್ನುವ ನಾಯಿಯನ್ನು. ಆ ನಾಯಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ನಾಯಿ ಹಂದಿ ಜಗಳ ಕೆತ್ತಿದ್ದಾರೆ, ಹೋದಾಗ ನೋಡಿ.

ನನಗೆ ಈಗ ನಿಜವಾದ ಭಯ ಮುಧೋಳ ನಾಯಿಯ ಬಗ್ಗೆ. 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದರು. ಸಂತೋಷವೇ. ಆದರೆ ಈಗ ಜನ ಫೋನಿನಲ್ಲಿ ಕೇಳುವ ಪ್ರಶ್ನೆ ಏನು? ಸೊಂಟ ಎಷ್ಟು ಸಣ್ಣ, ಮೂತಿ ಎಷ್ಟು ಉದ್ದ, ಬಿಳಿ ಮರಿ ಇದೆಯಾ. ಕಣ್ಣಳತೆಯಲ್ಲಿ ಬೇಟೆ ಗುರುತಿಸಿ ಬಿರುಗಾಳಿ ಹಾಗೆ ಓಡುವ ನಾಯಿಯನ್ನು ಎರಡು ಬೆಡ್‌ರೂಮಿನ ಮನೆಯಲ್ಲಿ ಚೈನ್ ಹಾಕಿ ಕಟ್ಟಿ, ಸೋಫಾ ಹರಿಯಿತು ಅಂತ ಬೈಯುತ್ತೇವೆ. ಸ್ಟೆಫಾನಿಟ್ಸ್ ನಾಯಿಗೆ ಆದದ್ದೇ ಇದಕ್ಕೂ ಆಗುತ್ತದೆ. ನಿರ್ಲಕ್ಷ್ಯದಿಂದ ಅಲ್ಲ, ಹೆಮ್ಮೆಯಿಂದ ಹಾಳಾಗುತ್ತದೆ.

ಇಲ್ಲಿ ಒಂದು ಇಕ್ಕಟ್ಟಿದೆ, ಮುಚ್ಚಿಡುವುದಿಲ್ಲ. ಮುಧೋಳ ನಾಯಿಯ ಮೂಲ ಕೆಲಸ ಬೇಟೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಮೊಲದ ಬೇಟೆ ಅಪರಾಧ, ಹಾಗೇ ಇರಬೇಕು ಕೂಡ. ಹಾಗಾದರೆ ಕೆಲಸ ನೋಡಿ ಆರಿಸಿ ಅಂದರೆ ಯಾವ ಕೆಲಸ? ನನಗೆ ಹೊಳೆಯುವುದು ಬಯಲಲ್ಲಿ ಮೊಲದ ಬದಲು ಬಟ್ಟೆ ಎಳೆದು, ಅದರ ಹಿಂದೆ ನಾಯಿಯನ್ನು ಓಡಿಸಿ ನೋಡುವುದು. ಕೆಲವು ದೇಶಗಳಲ್ಲಿ ಮಾಡುತ್ತಾರೆ. ಬಹುಮಾನ ಕೊಡುವುದಿದ್ದರೆ ಓಟಕ್ಕೆ, ದಮ್ಮಿಗೆ, ಗದ್ದಲದಲ್ಲಿ ತಲೆ ಕೆಡಿಸಿಕೊಳ್ಳದ ಸ್ವಭಾವಕ್ಕೆ ಕೊಡಿ. ಬ್ರಿಟನ್‌ನಲ್ಲಿ ಕುರಿ ನಾಯಿಗಳ ಒಂದು ಸಂಘ 1906ರಿಂದ ಇದೆ. ವಂಶದ ಕಾಗದ ಇಲ್ಲದ ನಾಯಿಯೂ ಕುರಿ ಮುಂದೆ ಕೆಲಸ ಮಾಡಿ ತೋರಿಸಿದರೆ ಅದರ ರಿಜಿಸ್ಟರಿಗೆ ಸೇರಬಹುದು. ಅಮೆರಿಕದ ಕೆನಲ್ ಕ್ಲಬ್ 1995ರಲ್ಲಿ ಬಾರ್ಡರ್ ಕಾಲಿ ಅನ್ನುವ ಕುರಿ ನಾಯಿಯನ್ನು ಶೋ ಜಾತಿಯಾಗಿ ಸೇರಿಸಿಕೊಂಡಾಗ ಗಲಾಟೆ ಮಾಡಿದವರು ಅದನ್ನು ಕೆಲಸಕ್ಕೆ ಸಾಕುತ್ತಿದ್ದವರೇ. ನಮ್ಮ ನಾಯಿಯನ್ನು ಬಿಟ್ಟುಬಿಡಿ ಅಂತ! ನನಗೂ ಅದೇ ಅನಿಸುತ್ತದೆ. ಚಳ್ಳಕೆರೆ ಹಟ್ಟಿಯ ನಾಯಿಗೆ ಯಾರೂ ದಯವಿಟ್ಟು ಒಂದು ತಳಿಯ ಹೆಸರು ಕೊಟ್ಟು, ಇಷ್ಟೇ ಎತ್ತರ ಇದೇ ಬಣ್ಣ ಅಂತ ಬರೆದಿಡಬೇಡಿ.

ರೈತರಾದ ನಮಗೆ ಇದು ಗೊತ್ತಿಲ್ಲದ್ದಲ್ಲ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಗೊರಸು ನೋಡುತ್ತೇವೆ, ನಡೆಸಿ ನೋಡುತ್ತೇವೆ. ಹೈದರ್, ಟಿಪ್ಪು ಸೈನ್ಯಕ್ಕೆ ಅಮೃತಮಹಲ್ ಎತ್ತು ಬೇಕಾಗಿದ್ದು ಫಿರಂಗಿ ಎಳೆದುಕೊಂಡು ಬೇಗ ಹೋಗುತ್ತದೆ ಅಂತ. ಆದರೆ ಮೈಮೇಲಿನ ಕೂದಲ ಸುಳಿ ನೋಡುವವರೂ ನಾವೇ, ಒಪ್ಪುತ್ತೇನೆ. ಸುಳಿ ಸರಿ ಇಲ್ಲ ಅಂತ ಒಳ್ಳೆಯ ಜೋಡಿ ಬಿಟ್ಟು ಬಂದವರು ನಮ್ಮ ಮನೆಯಲ್ಲೇ ಇದ್ದಾರೆ.

ಪಿ.ಜೆ. ಬಡಾವಣೆಯಲ್ಲಿ ತೋಳ ಬರುವುದಿಲ್ಲ ಮಾರಾಯ, ನಮಗೆ ಕೆಲಸದ ನಾಯಿ ಯಾಕೆ ಅಂತ ಕೇಳುವಿರಿ. ನ್ಯಾಯ. ಮನೆಯ ನಾಯಿಗೂ ಕೆಲಸ ಇದೆ. ಅಪರಿಚಿತ ಮಗು ಮುಟ್ಟಿದರೆ ತಾಳಿಕೊಳ್ಳಬೇಕು, ದೀಪಾವಳಿ ಕಳೆಯಬೇಕು, ಈ ಸೆಕೆಯಲ್ಲಿ ಮೂಗಿನಿಂದ ಉಸಿರಾಡಬೇಕು. 2003ರ ಹಚ್ ಮೊಬೈಲ್ ಜಾಹೀರಾತು ನೋಡಿ, ಅದರಲ್ಲಿದ್ದ ಚಪ್ಪಟೆ ಮೂತಿಯ ಪಗ್ ನಾಯಿಯನ್ನೇ ತಂದವರು ಅದು ಗೊರಕೆ ಹೊಡೆಯುವುದನ್ನು ಮುದ್ದು ಅಂದುಕೊಂಡರು. ನಾನು ರಾಕಿಯ ಕುಪ್ಪಳಿಕೆಯನ್ನು ಅಂದುಕೊಂಡ ಹಾಗೇ.

ರಾಕಿ ಹೋದ ವರ್ಷ ಜನವರಿಯಲ್ಲಿ ಹೋದ. ಮಂದೆ ಬಂದದ್ದು ಅದಾಗಿ ಮೂರು ತಿಂಗಳಿಗೆ. ಹೊಲದಿಂದ ಹೊರಡುವ ದಿನ ಅಜ್ಜನ ಹತ್ತಿರ ಒಂದು ಮರಿ ಕೇಳಿದೆ. ದುಡ್ಡು ಎಷ್ಟಾದರೂ ಕೊಡುತ್ತೇನೆ ಅಂದೆ. ಅಜ್ಜ ನನ್ನನ್ನೂ, ನನ್ನ ಬಿಳಿ ಶೂವನ್ನೂ ಒಂದು ಸಲ ನೋಡಿದರು.

"ನಿಮ್ ಮನೇಲಿ ಇದಕ್ಕೆ ಕೆಲಸ ಏನೈತೆ ತಮ್ಮ?"

ಏನು ಹೇಳಬೇಕೋ ತೋಚಲಿಲ್ಲ. ಮರಿಯನ್ನು ಕೆಳಗೆ ಬಿಟ್ಟೆ. ಅದು ಕುರಿಗಳ ಕಡೆ ಓಡಿತು.