ಮೊದಲು ಗಮನ, ಆಮೇಲೆ ಮುಖ

ಕೇಳುಗರೆಲ್ಲರಿಗೂ ನಮಸ್ಕಾರ. ಅಡುಗೆಮನೆಯಲ್ಲಿ ಡಬ್ಬ ಕಟ್ಟುತ್ತಿರುವವರಿಗೆ, ಹೋಟೆಲಿನ ಗಲ್ಲಾದಲ್ಲಿ ಕೂತು ಒಂದು ಕಿವಿ ಈ ಕಡೆ ಕೊಟ್ಟಿರುವವರಿಗೆ, ಮುಂಬೈ ಲೋಕಲ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ ಪುಣ್ಯವಂತರಿಗೂ ನಮಸ್ಕಾರ. ನಾನು ಹಾರ್ಮೋನು ಡಾಕ್ಟರು. ಥೈರಾಯ್ಡ್, ಸಕ್ಕರೆ ಕಾಯಿಲೆ ಇವೇ ನನ್ನ ದಿನದ ಕೆಲಸ. ಇವತ್ತು ಮಾತ್ರ ನಿಮಗಿಷ್ಟವಾದ ವಿಷಯ ಮಾತಾಡಿ ಅಂದಿದ್ದಾರೆ. ಹಾಗಾಗಿ ಮುಖದ ಬಗ್ಗೆ ಮಾತಾಡುತ್ತೇನೆ. ಇನ್ನೊಬ್ಬರ ಮುಖವನ್ನು ನಾವು ಹೇಗೆ ನೋಡುತ್ತೇವೆ, ಅದರಲ್ಲಿ ಹಾರ್ಮೋನಿಗೇನು ಕೆಲಸ?

ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ. ಮೊದಲು ಗಮನ, ಆಮೇಲೆ ಮುಖ. ಕಣ್ಣು ಮುಖದ ಮೇಲೆ ನಿಂತರೆ ಮಾತ್ರ ಮುಖ ಒಳಗೆ ಹೋಗುತ್ತದೆ. ಕಣ್ಣು ಎಲ್ಲಿ ನಿಲ್ಲಬೇಕು ಅನ್ನುವುದರಲ್ಲಿ ಹಾರ್ಮೋನಿನ ಕೈವಾಡ ಇದೆ.

ಮುಖ ನೋಡುವುದಕ್ಕೆಂದೇ ನಮ್ಮ ಮಿದುಳಿನಲ್ಲಿ ಒಂದು ಜಾಗ ಇದೆ. ಮಿದುಳಿನ ತಳದಲ್ಲಿ, ಸ್ವಲ್ಪ ಹಿಂದಕ್ಕೆ. ಹೆಚ್ಚಿನವರಲ್ಲಿ ಬಲಗಡೆ ಜೋರು. ಅಮೆರಿಕದ ನ್ಯಾನ್ಸಿ ಕಾನ್ವಿಶರ್ ಮತ್ತು ಸಂಗಡಿಗರು 1997ರಲ್ಲಿ ಸ್ಕ್ಯಾನ್ ಮಾಡಿ ಇದನ್ನು ತೋರಿಸಿದರು. ಮನೆಯ ಚಿತ್ರ, ಕೈಯ ಚಿತ್ರ ತೋರಿಸಿದಾಗ ಅಷ್ಟಕ್ಕಷ್ಟೇ ಇದ್ದ ಆ ಜಾಗ, ಮುಖ ಕಂಡ ಕೂಡಲೇ ಚುರುಕಾಗುತ್ತದೆ. ಹುಟ್ಟಿ ಒಂದು ಗಂಟೆಯೂ ಆಗದ ಕೂಸು ಕೂಡ ಬೇರೆ ಚಿತ್ರ ಬಿಟ್ಟು ಮುಖದ ಹಾಗಿರುವ ಚಿತ್ರದ ಕಡೆಗೇ ಹೆಚ್ಚು ತಿರುಗುತ್ತದೆ. ಯಾರು ಕಲಿಸಿದ್ದು ಅದಕ್ಕೆ? ಯಾರೂ ಇಲ್ಲ.

ಇಷ್ಟೆಲ್ಲ ಇದ್ದರೂ ಗಮನ ಇಲ್ಲದಿದ್ದರೆ ಏನೂ ಪ್ರಯೋಜನ ಇಲ್ಲ. ಅಮೆರಿಕದಲ್ಲಿ ಒಬ್ಬ ಹೆಂಗಸು ಇದ್ದಾರೆ. ವೈದ್ಯರು ಅವರನ್ನು ಎಸ್.ಎಂ. ಅಂತ ಎರಡಕ್ಷರದಲ್ಲೇ ಕರೆಯುತ್ತಾರೆ. ಮಿದುಳಿನಲ್ಲಿ ಬಾದಾಮಿ ಗಾತ್ರದ ಅಮಿಗ್ಡಲಾ ಅಂತ ಒಂದು ಭಾಗ ಇದೆ, ಎರಡೂ ಬದಿಯಲ್ಲಿ. ಅಪರೂಪದ ಕಾಯಿಲೆಯಿಂದ ಅವರಿಗೆ ಆ ಎರಡೂ ಹಾಳಾಗಿವೆ. ಹೆದರಿದವರ ಫೋಟೋ ತೋರಿಸಿದರೆ ಇದು ಹೆದರಿದ ಮುಖ ಅಂತ ಅವರಿಗೆ ತಿಳಿಯುತ್ತಿರಲಿಲ್ಲ. ಯಾಕೆ? 2005ರಲ್ಲಿ ಕಾರಣ ಗೊತ್ತಾಯಿತು. ಅವರು ಫೋಟೋದಲ್ಲಿ ಕಣ್ಣುಗಳನ್ನು ನೋಡುತ್ತಲೇ ಇರಲಿಲ್ಲ! "ಕಣ್ಣು ನೋಡಿ" ಅಂತ ಹೇಳಿದ ಕೂಡಲೇ ಎಲ್ಲರ ಹಾಗೆ ಗುರುತಿಸಿದರು. ನನಗೆ ಇದನ್ನು ಓದಿದಾಗ ಮೈ ಜುಂ ಅಂದಿತ್ತು. ಔಷಧಿ ಕೊಡಲಿಲ್ಲ, ಆಪರೇಷನ್ ಮಾಡಲಿಲ್ಲ. ಬರೀ ಎಲ್ಲಿ ನೋಡಬೇಕು ಅಂತ ಹೇಳಿದರು. ಮೊದಲು ಗಮನ, ಆಮೇಲೆ ಮುಖ.

ಈಗ ಹಾರ್ಮೋನಿಗೆ ಬರೋಣ. ಅದಕ್ಕೆ ನಮ್ಮ ಪಕ್ಕದ ಮನೆಯ ಅಕ್ಕನ ಕಥೆ ಹೇಳಲೇಬೇಕು. ಮೂಲ ಕುಂದಾಪುರದ ಕಡೆ, ಮದುವೆಯಾಗಿ ಬಂದದ್ದು ಡೊಂಬಿವಲಿಗೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮುಖದ ವಿಷಯದಲ್ಲಿ ಈ ಅಕ್ಕನನ್ನು ಮೀರಿಸುವವರಿಲ್ಲ. ಯಾವುದೋ ಕಾರ್ಯಕ್ರಮದಲ್ಲಿ ಅಪರಿಚಿತರನ್ನು ನಿಲ್ಲಿಸಿ, "ನೀವು ಕಾರ್ಕಳದವರ ಮದುವೆಗೆ ಬಂದಿದ್ರಿ ಅಲ್ವಾ? ಅಬ್ಬಲಿಗೆ ಮುಡಿದಿದ್ರಿ" ಅನ್ನುತ್ತಾರೆ. ಎದುರಿನವರಿಗೆ ಆ ಮದುವೆಯೇ ಮರೆತಿರುತ್ತದೆ.

ಒಂದು ವರ್ಷ ಚೌತಿಯ ಹಿಂದಿನ ದಿನ ಅಕ್ಕ ದಾದರಿನ ಹೂವಿನ ಮಾರ್ಕೆಟಿಗೆ ಹೋಗಿ ವಾಪಸ್ಸು ಬರುತ್ತಿದ್ದರು. ಕೈತುಂಬ ಹೂವಿನ ಚೀಲ. ಸ್ಟೇಷನ್ನಿನ ಬ್ರಿಜ್ ಮೇಲೆ ಒಬ್ಬ ಎದುರಿಗೆ ಬಂದು ಚಾಕು ತೋರಿಸಿದ. ಕರಿಮಣಿ ಎಳೆದುಕೊಂಡು ಓಡಿದ. ಹೂವೆಲ್ಲ ನೆಲದ ಪಾಲು. ಪೊಲೀಸರ ಹತ್ತಿರ ಹೋದರೆ ಮೊದಲ ಪ್ರಶ್ನೆ, "ಚೆಹರಾ ಕಸಾ ಹೋತಾ?" ಮುಖ ಹೇಗಿತ್ತು? ಅಕ್ಕ ಬಾಯಿ ತೆರೆದರು, ಏನೂ ಬರಲಿಲ್ಲ. ಗಡ್ಡ ಇತ್ತಾ? ಗೊತ್ತಿಲ್ಲ. ವಯಸ್ಸು? ಗೊತ್ತಿಲ್ಲ. ಆದರೆ ಚಾಕು? ಹಣ್ಣು ಕೊಯ್ಯುವ ಚಾಕು, ಹಿಡಿಗೆ ಕಪ್ಪು ಟೇಪ್ ಸುತ್ತಿತ್ತು, ತುದಿ ಮುರಿದಿತ್ತು, ಟೇಪಿನ ಒಂದು ಕೊನೆ ಬಿಟ್ಟುಕೊಂಡು ನೇತಾಡುತ್ತಿತ್ತು! ಪೊಲೀಸಿನವನು ಪೆನ್ನು ಕೆಳಗಿಟ್ಟ. ಫೋಟೋಗಳ ಕಂತೆ ತಂದು ತೋರಿಸಿದರೆ ಅಕ್ಕನಿಗೆ ಎಲ್ಲ ಮುಖವೂ ಒಂದೇ ತರಹ.

ಮನೆಗೆ ಬಂದರೆ ಭಾವನ ಮಾತು. "ಹತ್ತು ವರ್ಷದ ಹಿಂದಿನ ಮದುವೆಗೆ ಬಂದವರ ಮುಖ ನೆನಪಿರ್ತದೆ. ಕರಿಮಣಿ ಎಳೆದವನ ಮುಖ ನೆನಪಿಲ್ವಾ?" ಅಕ್ಕ ನನ್ನ ಹತ್ತಿರ ಬಂದು ಅತ್ತರು. "ಡಾಕ್ಟ್ರೇ, ನನಗೆ ಮರೆವಿನ ಕಾಯಿಲೆ ಶುರುವಾಯ್ತಾ?"

ಇಲ್ಲ ಅಕ್ಕ, ಅದು ಮರೆವಲ್ಲ. ಮರೆಯಬೇಕಾದರೆ ಮೊದಲು ನೋಡಿರಬೇಕು. ಹೆದರಿಕೆಯಾದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ರಕ್ತಕ್ಕೆ ಬರುತ್ತದೆ. ಎದೆ ಢವಢವ. ಅದೇ ಹೊತ್ತಿಗೆ ಮಿದುಳಿನ ಬುಡದಿಂದ ಅದರದೇ ಜಾತಿಯ ನಾರ್‌ಅಡ್ರಿನಲಿನ್ ಮಿದುಳಿಗೆಲ್ಲ ಹರಿಯುತ್ತದೆ. ಗಮನ ಚೂಪಾಗುತ್ತದೆ, ಜೊತೆಗೆ ಸಣ್ಣದೂ ಆಗುತ್ತದೆ. ಪ್ರಾಣಕ್ಕೆ ಅಪಾಯ ಎಲ್ಲಿಂದಲೋ ಅಲ್ಲೇ ಕಣ್ಣು. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸುತ್ತಾ ಬಂದಾಗ ಭಾಗವತರ ಮುಖ ಯಾರು ನೋಡುತ್ತಾರೆ ಹೇಳಿ? ಹಾಗೆ. ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನು ನಿಧಾನದ್ದು. ಅದು ಏರಿ ತುದಿ ಮುಟ್ಟುವುದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟರಲ್ಲಿ ಕಳ್ಳ ಯಾವುದೋ ಟ್ರೈನ್ ಹತ್ತಿರುತ್ತಾನೆ.

ಇದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಅವರು 1987ರಲ್ಲೇ ಪರೀಕ್ಷಿಸಿದ್ದರು. ಹೋಟೆಲಿನ ಗಲ್ಲಾದ ಮುಂದೆ ಗಿರಾಕಿ ನಿಂತಿರುವ ಚಿತ್ರಗಳು. ಕೆಲವರಿಗೆ ತೋರಿಸಿದ ಚಿತ್ರದಲ್ಲಿ ಅವನ ಕೈಯಲ್ಲಿ ಚೆಕ್ಕು, ಇನ್ನು ಕೆಲವರಿಗೆ ತೋರಿಸಿದ್ದರಲ್ಲಿ ಪಿಸ್ತೂಲು. ಪಿಸ್ತೂಲು ನೋಡಿದವರ ಕಣ್ಣು ಅದರ ಮೇಲೇ ಜಾಸ್ತಿ ಹೊತ್ತು ನಿಂತಿತು. ಆಮೇಲೆ ಅವನನ್ನು ಗುರುತಿಸಿ ಅಂದರೆ ಅವರೇ ಜಾಸ್ತಿ ತಪ್ಪಿದರು. ಚಿತ್ರ ನೋಡಿದ್ದಕ್ಕೇ ಹೀಗಾದರೆ, ಬ್ರಿಜ್ ಮೇಲೆ ಒಬ್ಬರೇ ನಿಂತ ಹೆಂಗಸನ್ನು ಬೈದು ಏನು ಪ್ರಯೋಜನ?

ಇನ್ನೊಂದು ಕೇಳಿ. ಕಳ್ಳ ಓಡಿದ ಮೇಲೆ ಒಬ್ಬಳು ಹುಡುಗಿ ಬಗ್ಗಿ ಹೂವೆಲ್ಲ ಆರಿಸಿ ಚೀಲಕ್ಕೆ ತುಂಬಿಕೊಟ್ಟಿದ್ದಳು. ತಿಂಗಳುಗಳಾದ ಮೇಲೆ ಲೇಡೀಸ್ ಡಬ್ಬಿಯಲ್ಲಿ, ಆ ನೂಕುನುಗ್ಗಲಿನಲ್ಲಿ, ಅಕ್ಕ ಅವಳನ್ನು ಗುರುತಿಸಿ ಕೈ ಹಿಡಿದುಕೊಂಡರು. ಚಾಕು ಹೋದ ಕೂಡಲೇ ಕಣ್ಣು ಮತ್ತೆ ಮುಖಕ್ಕೆ ಬಂದಿತ್ತು.

ಈ ಕಥೆಗೇ ಅರ್ಧ ಸಮಯ ಹೋಯಿತು. ಬೇಗ ಬೇಗ ಹೇಳುತ್ತೇನೆ.

ಆಕ್ಸಿಟೋಸಿನ್. ಹೆರಿಗೆಯ ಹಾರ್ಮೋನು, ಎದೆಹಾಲು ಇಳಿಸುವ ಹಾರ್ಮೋನು. ಇದನ್ನು ಮೊದಲು ಪ್ರಯೋಗಾಲಯದಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಬಂತು. 2008ರಲ್ಲಿ ಆಸ್ಟ್ರೇಲಿಯಾದಲ್ಲಿ ಗಂಡಸರ ಮೂಗಿಗೆ ಇದನ್ನು ಸಿಂಪಡಿಸಿ ಮುಖಗಳ ಚಿತ್ರ ತೋರಿಸಿದರು. ಅವರು ಕಣ್ಣಿನ ಭಾಗವನ್ನು ಜಾಸ್ತಿ ಹೊತ್ತು ನೋಡಿದರು. ಗಮನಿಸಿ, ಇಲ್ಲೂ ಹಾರ್ಮೋನು ಮಾಡಿದ್ದು ಕಣ್ಣನ್ನು ಕಣ್ಣಿನ ಕಡೆಗೆ ತಿರುಗಿಸಿದ್ದು. ಜಪಾನಿನಲ್ಲಿ ನಾಯಿ ಮತ್ತು ಯಜಮಾನ ಒಬ್ಬರನ್ನೊಬ್ಬರು ದಿಟ್ಟಿಸಿ ನೋಡಿದಾಗ ಇಬ್ಬರಲ್ಲೂ ಈ ಹಾರ್ಮೋನು ಏರಿದ್ದನ್ನು 2015ರಲ್ಲಿ ಕಂಡಿದ್ದಾರೆ. ಮನುಷ್ಯರ ಜೊತೆ ಬೆಳೆದ ತೋಳಗಳಲ್ಲಿ ಹಾಗಾಗಲಿಲ್ಲ.

ಬಾಣಂತಿಯರಿಗೆ ಒಂದು ಮಾತು. ಎಳೆಗೂಸಿಗೆ ಸ್ವಲ್ಪ ಸ್ಪಷ್ಟವಾಗಿ ಕಾಣುವುದು ಒಂದು ಗೇಣಿನಷ್ಟು, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಆಚೆಗೆ. ಹಾಲೂಡಿಸುವಾಗ ನಿಮ್ಮ ಮುಖ ಸರಿಯಾಗಿ ಅಷ್ಟೇ ದೂರದಲ್ಲಿರುತ್ತದೆ. ಮಗು ನಿಮ್ಮನ್ನು ನೋಡುತ್ತಿರುತ್ತದೆ, ನೀವು ಮೊಬೈಲ್ ನೋಡುತ್ತಿರುತ್ತೀರಿ. ದಯವಿಟ್ಟು ಅದನ್ನು ಪಕ್ಕಕ್ಕಿಡಿ. ಅತ್ತೆಯಂದಿರೇ, ಈ ಮಾತು ಹಿಡಿದುಕೊಂಡು ಸೊಸೆಯನ್ನು ಬೈಯಬೇಡಿ. ನಿಮ್ಮ ಕೈಯಲ್ಲೂ ಮೊಬೈಲ್ ಇರುತ್ತದೆ.

ಹಾಗಂತ ಆನ್‌ಲೈನ್‌ನಲ್ಲಿ "ಪ್ರೀತಿಯ ಹಾರ್ಮೋನು" ಅಂತ ಬರುವ ಸ್ಪ್ರೇ ಯಾರೂ ತರಿಸಬೇಡಿ. ಗಂಡ ಮುಖ ನೋಡಿ ಮಾತಾಡುವುದಿಲ್ಲ, ಮೂಗಿಗೆ ಹೊಡೆಯಲಾ ಅಂತ ಕೇಳಿದವರಿದ್ದಾರೆ. ಟಿವಿ ಆಫ್ ಮಾಡಿ ನೋಡಿ ಮೊದಲು! ಹಾಗೆಯೇ ಮುಟ್ಟಿನ ಚಕ್ರದ ದಿನಗಳಿಗೆ ತಕ್ಕಂತೆ ಹೆಂಗಸರಿಗೆ ಇಷ್ಟವಾಗುವ ಗಂಡಸಿನ ಮುಖ ಬದಲಾಗುತ್ತದೆ ಅಂತ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. 2018ರಲ್ಲಿ ಸುಮಾರು 600 ಹೆಂಗಸರನ್ನು ಪರೀಕ್ಷಿಸಿದಾಗ ಹಾಗೇನೂ ಕಾಣಲಿಲ್ಲ. ಅದನ್ನು ಬಿಡಿ.

ಕೊನೆಗೆ ಥೈರಾಯ್ಡ್. ಈ ಹಾರ್ಮೋನು ಕಡಿಮೆಯಾದರೆ ಗಮನವೇ ಮಂಕು. ಎದುರಿಗಿದ್ದವರು ಮಾತಾಡುತ್ತಿದ್ದರೆ ಅರ್ಧದಲ್ಲೇ ತಪ್ಪಿಹೋಗುತ್ತದೆ. ಜೊತೆಗೆ ಸುಸ್ತು, ಚಳಿ, ಮಲಬದ್ಧತೆ ಇದ್ದರೆ ಟಿಎಸ್‌ಎಚ್ ಅಂತ ಒಂದು ರಕ್ತಪರೀಕ್ಷೆ ಮಾಡಿಸಿ. ಮಾತ್ರೆ ತೆಗೆದುಕೊಳ್ಳುವವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ತೆಗೆದುಕೊಳ್ಳಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಬಿಟ್ಟು. ಚಾ ಕನಿಷ್ಠ ಅರ್ಧ ಗಂಟೆ ಆಮೇಲೆ. ಅರ್ಧ ಗಂಟೆ ಅಂದರೆ ಅರ್ಧ ಗಂಟೆ, ಹಾಲು ಕುದಿಯುವಷ್ಟು ಹೊತ್ತಲ್ಲ. ನಮಸ್ಕಾರ.